ಹೃದಯದ ಅಪಾಯವನ್ನು ಅಂದಾಜಿಸುವ ಬಗೆಗಳು: ಯಾವ ಅಳತೆಗೋಲು ಯಾರಿಗೆ?



ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾವಿನ್ನೂ ವೃತ್ತಿಯಲ್ಲಿ ನೆಲೆಯೂರುತ್ತಿದ್ದ ಕಾಲ. ನಲವತ್ತಾರರ ಪ್ರಾಯದ ರೈತರೊಬ್ಬರು ಮೊಣಕಾಲು ನೋವೆಂದು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ನಾಡಿ ಹಿಡಿದೆವು, ನಾಲಗೆ ನೋಡಿದೆವು, ಹಸಿವು, ನಿದ್ರೆ, ಮಲಪ್ರವೃತ್ತಿಗಳನ್ನು ವಿಚಾರಿಸಿದೆವು. ಹಚ್ಚಿಕೊಳ್ಳಲು ತೈಲವನ್ನೂ ಸೇವಿಸಲು ಮಾತ್ರೆಯನ್ನೂ ಕೊಟ್ಟು, ‘ಗಟ್ಟಿಮುಟ್ಟಾಗಿದ್ದೀರಿ, ಚಿಂತೆ ಬೇಡ’ ಎಂದು ಹೇಳಿ ಕಳುಹಿಸಿದೆವು. ರಕ್ತದೊತ್ತಡ ನೋಡುವ ಯಂತ್ರ ಮೇಜಿನ ಮೇಲೆಯೇ ಇತ್ತು; ಅದನ್ನು ಅವರ ತೋಳಿಗೆ ಕಟ್ಟಲಿಲ್ಲ. ದಿನಕ್ಕೆ ಎಷ್ಟು ಬೀಡಿ ಸೇದುತ್ತೀರಿ ಎಂದು ಕೇಳಲಿಲ್ಲ. ಅವರ ತಂದೆ ಯಾವ ವಯಸ್ಸಿನಲ್ಲಿ, ಯಾವ ಕಾರಣದಿಂದ ತೀರಿಕೊಂಡರೆಂದೂ ಕೇಳಲಿಲ್ಲ. ನಾಲ್ಕು ತಿಂಗಳ ತರುವಾಯ ಅವರು ಹೊಲದಲ್ಲಿಯೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ಮುಂದೊಂದು ದಿನ ಅವರ ಪತ್ನಿ ನಮ್ಮೆದುರು ನಿಂತು, “ನೀವು ನಾಡಿ ಹಿಡಿದು ನೋಡಿದ್ರಲ್ರೀ ಡಾಕ್ಟರ್ರೇ, ಆವಾಗ ಏನೂ ಕಾಣಲಿಲ್ಲೇನ್ರಿ?” ಎಂದು ಕೇಳಿದರು.

ಅವರ ದನಿಯಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಇನ್ನೂ ಪ್ರಕಟವಾಗದ ಹೃದ್ರೋಗದ ಸಂಭವವನ್ನು ಮೊದಲೇ ಅಂದಾಜಿಸುವ ಬಗೆಗಳು ಯಾವುವು, ಅವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಅಂದಾಜು ಎಂದರೇನು?

ರೋಗನಿರ್ಣಯ ಬೇರೆ, ಅಪಾಯದ ಅಂದಾಜು ಬೇರೆ. ಈಗ ರೋಗವಿದೆಯೇ ಎಂಬುದು ಮೊದಲನೆಯದರ ಪ್ರಶ್ನೆ; ಮುಂದೆ ಬರುವ ಸಂಭವವೆಷ್ಟು ಎಂಬುದು ಎರಡನೆಯದರ ಪ್ರಶ್ನೆ. ‘ಇಸಿಜಿ ಸರಿಯಾಗಿದೆ, ಇನ್ನು ನನಗೆ ಭಯವಿಲ್ಲ’ ಎಂದು ಹೇಳುವವರನ್ನು ನಾವು ಪ್ರತಿವಾರವೂ ಕಾಣುತ್ತೇವೆ. ವಿಶ್ರಾಂತಿಯಲ್ಲಿ ತೆಗೆದ ಇಸಿಜಿಯು ಆ ಕ್ಷಣದ ಹೃದಯದ ವಿದ್ಯುತ್ ಚಟುವಟಿಕೆಯನ್ನು ತೋರಿಸುತ್ತದೆ. ರಕ್ತನಾಳದ ಗೋಡೆಯಲ್ಲಿ ಮೆಲ್ಲಮೆಲ್ಲನೆ ಕಟ್ಟಿಕೊಳ್ಳುತ್ತಿರುವ ಕೊಬ್ಬಿನ ಪದರವನ್ನು ಅದು ತೋರಿಸಬೇಕೆಂದಿಲ್ಲ.

ಅಂದಾಜನ್ನು ಸಾಮಾನ್ಯವಾಗಿ ‘ಹತ್ತು ವರ್ಷಗಳಲ್ಲಿ ಶೇಕಡಾ ಇಷ್ಟು’ ಎಂದು ಹೇಳುವ ರೂಢಿಯಿದೆ. ಶೇಕಡಾ 20 ಎಂದರೆ ಏನು? ಒಂದೇ ಪಂಕ್ತಿಯಲ್ಲಿ ನೂರು ಮಂದಿ ಪ್ರಸಾದಕ್ಕೆ ಕುಳಿತಿದ್ದಾರೆಂದು ಭಾವಿಸಿರಿ. ಅವರೆಲ್ಲರ ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್, ಚಟಗಳು ಒಂದೇ ತೆರನಾಗಿವೆ. ಮುಂದಿನ ಹತ್ತು ವರ್ಷಗಳಲ್ಲಿ ಅವರಲ್ಲಿ ಇಪ್ಪತ್ತು ಮಂದಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಬಹುದು, ಎಂಬತ್ತು ಮಂದಿಗೆ ಆಗಲಾರದು. ಆ ಇಪ್ಪತ್ತು ಮಂದಿ ಯಾರೆಂದು ಯಾವ ಲೆಕ್ಕವೂ ಹೆಸರು ಹಿಡಿದು ಹೇಳಲಾರದು. ಸಂಖ್ಯೆಯು ಪಂಕ್ತಿಗೆ ಸೇರಿದ್ದು, ವ್ಯಕ್ತಿಗೆ ಸೇರಿದ್ದಲ್ಲ. ಈ ಒಂದು ವಿಷಯವನ್ನು ಮನಸ್ಸಿನಲ್ಲಿ ಇರಿಸಿಕೊಂಡರೆ ಅತಿಭಯವೂ ಇಲ್ಲ, ಅತಿಧೈರ್ಯವೂ ಇಲ್ಲ.

ಒಂದು ಊರಿನಿಂದ ಹುಟ್ಟಿದ ಲೆಕ್ಕ

ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿದೆ. 1948ರಲ್ಲಿ ಅಲ್ಲಿನ 5,209 ಸ್ತ್ರೀಪುರುಷರನ್ನು ಸೇರಿಸಿಕೊಂಡು ಒಂದು ದೀರ್ಘ ಅಧ್ಯಯನ ಆರಂಭವಾಯಿತು. ಕೆಲವು ವರ್ಷಗಳಿಗೊಮ್ಮೆ ಅವರನ್ನು ಪರೀಕ್ಷಿಸುತ್ತ, ಯಾರಿಗೆ ಹೃದ್ರೋಗ ಬಂತು, ಅದಕ್ಕೆ ಮುಂಚೆ ಅವರಲ್ಲಿ ಏನೇನು ಕಂಡಿತ್ತು ಎಂದು ಬರೆದಿಡಲಾಯಿತು. ಅಧಿಕ ರಕ್ತದೊತ್ತಡ, ಅಧಿಕ ಕೊಲೆಸ್ಟರಾಲ್, ಧೂಮಪಾನ ಇವು ಅಪಾಯದ ಮುನ್ಸೂಚಕಗಳೆಂಬ ತಿಳಿವಳಿಕೆ ಬಹುಮಟ್ಟಿಗೆ ಈ ಊರಿನವರ ತಾಳ್ಮೆಯ ಫಲ. ಅದೇ ದಾಖಲೆಗಳಿಂದ ಅಂದಾಜಿನ ಸೂತ್ರಗಳು ರೂಪುಗೊಂಡವು. 2008ರಲ್ಲಿ ಪ್ರಕಟವಾದ ಸೂತ್ರವು ವಯಸ್ಸು, ಲಿಂಗ, ಒಟ್ಟು ಕೊಲೆಸ್ಟರಾಲ್, ಒಳ್ಳೆಯ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್, ಮೇಲಿನ ರಕ್ತದೊತ್ತಡ, ಅದಕ್ಕೆ ಔಷಧ ಸೇವಿಸುತ್ತಿರುವುದು, ಧೂಮಪಾನ, ಮಧುಮೇಹ ಇವನ್ನು ಕೇಳುತ್ತದೆ.

ಆದರೆ ಆ ಊರಿನ ಮೊದಲ ತಲೆಮಾರಿನವರು ಬಹುತೇಕ ಐರೋಪ್ಯ ಮೂಲದ ಬಿಳಿಯರು. ಅವರಿಂದ ಹುಟ್ಟಿದ ಲೆಕ್ಕವನ್ನು ಬೇರೆ ಜನಾಂಗಗಳಿಗೆ, ಬೇರೆ ಕಾಲಕ್ಕೆ ಅನ್ವಯಿಸಿದಾಗ ಕೆಲವೆಡೆ ಹೆಚ್ಚಾಗಿಯೂ ಕೆಲವೆಡೆ ಕಡಿಮೆಯಾಗಿಯೂ ಬಂತು. ಆದುದರಿಂದ ಹಲವು ದೇಶಗಳು ತಮ್ಮದೇ ಅಳತೆಗೋಲುಗಳನ್ನು ರೂಪಿಸಿಕೊಂಡವು. ಅಮೆರಿಕೆಯ ಹೃದ್ರೋಗ ಸಂಸ್ಥೆಗಳು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಮತ್ತೊಂದು ಸೂತ್ರವನ್ನು ಕೊಟ್ಟವು.

ಒಬ್ಬನೇ ವ್ಯಕ್ತಿ, ಎರಡು ಉತ್ತರ

ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಒಬ್ಬ ಕಲ್ಪಿತ ರೋಗಿ: 48 ವರ್ಷದ ಪುರುಷ, ಧೂಮಪಾನಿ, ಮಧುಮೇಹವಿಲ್ಲ, ಒಟ್ಟು ಕೊಲೆಸ್ಟರಾಲ್ 210, ಎಚ್‌ಡಿಎಲ್ 38, ಮೇಲಿನ ರಕ್ತದೊತ್ತಡ 142, ಯಾವ ಔಷಧವನ್ನೂ ಸೇವಿಸುತ್ತಿಲ್ಲ. 2008ರ ಫ್ರೇಮಿಂಗ್‌ಹ್ಯಾಮ್ ಸೂತ್ರದಂತೆ ಲೆಕ್ಕ ಹಾಕಿದರೆ ಹತ್ತು ವರ್ಷಗಳ ಅಪಾಯ ಸುಮಾರು ಶೇಕಡಾ 21. 2013ರ ಸೂತ್ರದಲ್ಲಿ ಬಿಳಿಯ ಪುರುಷರಿಗೆಂದು ಇರುವ ಲೆಕ್ಕದಂತೆ ಸುಮಾರು ಶೇಕಡಾ 12.

ವ್ಯಕ್ತಿ ಒಬ್ಬನೇ, ಉತ್ತರದಲ್ಲಿ ಮಾತ್ರ ಇಷ್ಟು ಅಂತರ. ಒಂದು ಸುಳ್ಳು, ಇನ್ನೊಂದು ನಿಜ ಎನ್ನೋಣವೇ? ಹಾಗಲ್ಲ. ಎರಡೂ ಒಂದೇ ಸಂಗತಿಯನ್ನು ಎಣಿಸುತ್ತಿಲ್ಲ. ಫ್ರೇಮಿಂಗ್‌ಹ್ಯಾಮ್ ಸೂತ್ರವು ಹೃದಯಾಘಾತ, ಪಾರ್ಶ್ವವಾಯುಗಳ ಜೊತೆಗೆ ಎದೆನೋವಿನ ಹೃದ್ರೋಗ, ಹೃದಯ ವೈಫಲ್ಯ, ಕಾಲಿನ ರಕ್ತನಾಳಗಳ ರೋಗ ಇವೆಲ್ಲವನ್ನೂ ಎಣಿಕೆಗೆ ತೆಗೆದುಕೊಳ್ಳುತ್ತದೆ. 2013ರ ಸೂತ್ರವು ಹೃದಯಾಘಾತ, ಹೃದಯದ ರಕ್ತನಾಳಗಳ ರೋಗದಿಂದಾಗುವ ಮರಣ, ಪಾರ್ಶ್ವವಾಯು ಇವಿಷ್ಟನ್ನೇ ಎಣಿಸುತ್ತದೆ. ಯುರೋಪಿನವರು 2003ರಲ್ಲಿ ಪ್ರಕಟಿಸಿದ ‘ಸ್ಕೋರ್’ ಪಟ್ಟಿಯಂತೂ ಮರಣವನ್ನು ಮಾತ್ರ ಎಣಿಸುತ್ತಿತ್ತು. 2021ರ ‘ಸ್ಕೋರ್-2’ರಲ್ಲಿ ಮಾರಕವಲ್ಲದ ಆಘಾತಗಳನ್ನೂ ಸೇರಿಸಿದರು. ಸೇರಿನಲ್ಲಿ ಅಳೆದ ಜೋಳವನ್ನು ಕಿಲೋದಲ್ಲಿ ತೂಗಿದ ಜೋಳದೊಂದಿಗೆ ಹೋಲಿಸಿ ಜಗಳವಾಡಿದರೆ ಪ್ರಯೋಜನವಿಲ್ಲ. ಏನನ್ನು ಅಳೆದರು, ಯಾರ ನಡುವೆ ಅಳೆದರು ಎಂದು ಮೊದಲು ಕೇಳಬೇಕು.

ಯಾವುದನ್ನು ‘ಹೆಚ್ಚು’ ಎನ್ನಬೇಕೆಂಬುದೂ ಒಂದೇ ಅಲ್ಲ. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಔಷಧದ ವಿಚಾರವನ್ನು ರೋಗಿಯೊಂದಿಗೆ ಚರ್ಚಿಸಲು ಅಮೆರಿಕೆಯ 2013ರ ಮಾರ್ಗಸೂಚಿ ಶೇಕಡಾ 7.5ನ್ನೂ ಬ್ರಿಟನ್ನಿನ 2014ರ ಮಾರ್ಗಸೂಚಿ ಶೇಕಡಾ 10ನ್ನೂ ಗಡಿಯಾಗಿ ಇರಿಸಿಕೊಂಡವು.

ಇಷ್ಟಾದರೂ ಈ ಲೆಕ್ಕಗಳಿಂದ ಒಂದು ದೊಡ್ಡ ಉಪಕಾರವಿದೆ. ಅದೇ ಕಲ್ಪಿತ ರೋಗಿ ಬೀಡಿ ಬಿಟ್ಟನೆಂದು ಇಟ್ಟುಕೊಂಡು ಫ್ರೇಮಿಂಗ್‌ಹ್ಯಾಮ್ ಲೆಕ್ಕವನ್ನು ಮತ್ತೆ ಮಾಡಿದರೆ 21 ಇದ್ದದ್ದು ಸುಮಾರು 12ಕ್ಕೆ ಇಳಿಯುತ್ತದೆ. ಜೊತೆಗೆ ಉಪ್ಪು ತಗ್ಗಿಸಿ, ನಡಿಗೆ ಕೂಡಿಸಿ, ಮೇಲಿನ ರಕ್ತದೊತ್ತಡ 125ಕ್ಕೆ ಬಂದರೆ ಸುಮಾರು 9. ಬೀಡಿ ಬಿಟ್ಟ ಮರುದಿನವೇ ದೇಹ ಇಷ್ಟು ಸುಧಾರಿಸುತ್ತದೆಂದು ಇದರ ಅರ್ಥವಲ್ಲ. ಆ ಲಾಭ ವರ್ಷಗಳ ಮೇಲೆ ಕೂಡುತ್ತ ಬರುತ್ತದೆ. ಆದರೆ ಯಾವ ಬದಲಾವಣೆಯಿಂದ ಎಷ್ಟು ಫಲ ಎಂಬುದು ಕಣ್ಣಿಗೆ ಕಟ್ಟುತ್ತದೆ. ‘ಬೀಡಿ ಬಿಡಿ’ ಎಂಬ ಉಪದೇಶಕ್ಕಿಂತ ‘21, 12, 9’ ಎಂಬ ಮೂರು ಅಂಕಿಗಳು ಹೆಚ್ಚು ಕೆಲಸ ಮಾಡಿದ್ದನ್ನು ನಾವು ನಮ್ಮ ಚಿಕಿತ್ಸಾಲಯದಲ್ಲಿ ಕಂಡಿದ್ದೇವೆ.

ಹೊಸ ಅಳತೆಗೋಲುಗಳು

ಬ್ರಿಟನ್ನಿನ ‘ಕ್ಯೂ-ರಿಸ್ಕ್’ 2007ರಲ್ಲಿ ಬಂತು. ಅದರ ಮೂರನೆಯ ರೂಪ 2017ರದು. ರೋಗಿ ಭಾರತೀಯನೋ ಪಾಕಿಸ್ತಾನಿಯೋ ಬಾಂಗ್ಲಾದೇಶದವನೋ ಎಂಬುದನ್ನು ಪ್ರತ್ಯೇಕವಾಗಿ ಕೇಳುವುದು ಅದರ ಗುಣ. ತಂದೆತಾಯಿ ಒಡಹುಟ್ಟಿದವರಿಗೆ ಅರುವತ್ತರ ಒಳಗೆ ಹೃದ್ರೋಗವಿತ್ತೇ, ಮೂತ್ರಪಿಂಡದ ದೀರ್ಘರೋಗವಿದೆಯೇ, ಮೈಗ್ರೇನ್ ತಲೆನೋವಿದೆಯೇ ಎಂದೂ ವಿಚಾರಿಸುತ್ತದೆ. ಆದರೆ ಬಡತನದ ಪ್ರಭಾವವನ್ನು ಅಲ್ಲಿನ ಅಂಚೆ ಸಂಕೇತದ ಮೂಲಕ ಅಳೆಯುವುದರಿಂದ ಅದು ಆ ನೆಲಕ್ಕೇ ಹೊಂದಿದ ಸಾಧನ. ಲಂಡನ್ನಿನಲ್ಲಿ ನೆಲೆಸಿರುವ ನಮ್ಮ ಭಕ್ತರ ಮಕ್ಕಳಿಗೆ ಅದು ಉಪಯುಕ್ತ. ಊರಿನಲ್ಲಿರುವ ಅವರ ತಂದೆತಾಯಿಗಳಿಗೆ ಹಾಗೆಯೇ ಅನ್ವಯಿಸಲಾಗದು.

ಅಮೆರಿಕೆಯ ಹೃದಯ ಸಂಘವು 2023ರಲ್ಲಿ ‘ಪ್ರಿವೆಂಟ್’ ಎಂಬ ಸೂತ್ರವನ್ನು ಹೊರತಂದಿತು. ಜನಾಂಗದ ಪ್ರಶ್ನೆಯನ್ನು ಅದು ಕೈಬಿಟ್ಟಿತು, ಮೂತ್ರಪಿಂಡದ ಕಾರ್ಯಶಕ್ತಿಯನ್ನು ಸೇರಿಸಿತು; 30ನೆಯ ವಯಸ್ಸಿನಿಂದಲೇ ಲೆಕ್ಕ ಹಾಕಿ, ಕಿರಿಯರಿಗೆ ಹತ್ತು ವರ್ಷಗಳದ್ದಲ್ಲದೆ ಮೂವತ್ತು ವರ್ಷಗಳ ಅಂದಾಜನ್ನೂ ಕೊಡುತ್ತದೆ.

ನಮ್ಮ ನಾಡಿಗೆ ಯಾವುದು?

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪರಿಷ್ಕರಿಸಿದ ಬಣ್ಣದ ಪಟ್ಟಿಗಳು ನಮ್ಮ ಹಳ್ಳಿಗಳಿಗೆ ಹೆಚ್ಚು ಹೊಂದುತ್ತವೆಂಬುದು ನಮ್ಮ ಅಭಿಪ್ರಾಯ. 85 ಅಧ್ಯಯನಗಳ ಮೂರುಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳಿಂದ ಸೂತ್ರವನ್ನು ಪಡೆದು, ಜಗತ್ತನ್ನು 21 ವಲಯಗಳಾಗಿ ವಿಂಗಡಿಸಿ, ಒಂದೊಂದು ವಲಯದ ರೋಗಪ್ರಮಾಣಕ್ಕೆ ತಕ್ಕಂತೆ ಅದನ್ನು ಸರಿಹೊಂದಿಸಿದ್ದಾರೆ. ದಕ್ಷಿಣ ಏಷ್ಯಕ್ಕೆ ಪ್ರತ್ಯೇಕ ಪಟ್ಟಿಯಿದೆ. 40ರಿಂದ 74 ವರ್ಷದವರಿಗೆ ಇದು ಅನ್ವಯಿಸುತ್ತದೆ.

ಇದರಲ್ಲಿ ಎರಡು ಬಗೆ. ಮೊದಲನೆಯದಕ್ಕೆ ಕೊಲೆಸ್ಟರಾಲ್ ಪರೀಕ್ಷೆ ಬೇಕು, ಮಧುಮೇಹವಿದೆಯೇ ಎಂದು ತಿಳಿದಿರಬೇಕು. ಎರಡನೆಯದಕ್ಕೆ ರಕ್ತ ತೆಗೆಯುವ ಅಗತ್ಯವೇ ಇಲ್ಲ: ವಯಸ್ಸು, ಲಿಂಗ, ಧೂಮಪಾನ, ಮೇಲಿನ ರಕ್ತದೊತ್ತಡ, ಹಾಗೂ ಎತ್ತರಕ್ಕೆ ತೂಕದ ಅನುಪಾತ ಇಷ್ಟೇ ಸಾಕು. ತೂಕದ ಯಂತ್ರ, ಎತ್ತರದ ಪಟ್ಟಿ, ರಕ್ತದೊತ್ತಡದ ಯಂತ್ರ ಇದ್ದರೆ ಯಾವ ಉಪಕೇಂದ್ರದಲ್ಲಿಯೂ ಇದನ್ನು ಮಾಡಬಹುದು. ಉತ್ತರ ಬಣ್ಣದಲ್ಲಿ ದೊರೆಯುತ್ತದೆ. ಶೇಕಡಾ 5ಕ್ಕಿಂತ ಕಡಿಮೆ ಹಸಿರು, 10ರ ಒಳಗೆ ಹಳದಿ, 20ರ ಒಳಗೆ ಕಿತ್ತಳೆ, 30ರ ಒಳಗೆ ಕೆಂಪು, ಅದಕ್ಕೂ ಮೇಲೆ ಕಡುಗೆಂಪು. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ. ಆದರೆ ರಕ್ತ ತೆಗೆಯದ ಪಟ್ಟಿ ಮಧುಮೇಹವನ್ನು ಕೇಳುವುದಿಲ್ಲವಾದ್ದರಿಂದ ಸಕ್ಕರೆ ಕಾಯಿಲೆಯವರಿಗೆ ಅದು ಅಪಾಯವನ್ನು ಕಡಿಮೆ ಮಾಡಿ ತೋರಿಸುವ ಸಂಭವವಿದೆ. ಅಂಥವರು ಮೊದಲನೆಯ ಬಗೆಯನ್ನೇ ಅನುಸರಿಸಬೇಕು.

ಇದಲ್ಲದೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ತುಂಬಿಸಿಕೊಳ್ಳುವ ಪ್ರಶ್ನಾವಳಿಯೊಂದಿದೆ. ಅದು ಶೇಕಡಾವಾರು ಅಪಾಯವನ್ನು ಹೇಳುವುದಿಲ್ಲ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆತನದ ರೋಗಚರಿತ್ರೆ ಇವುಗಳಿಗೆ ಅಂಕ ಕೊಟ್ಟು, ಮೊತ್ತ 4ನ್ನು ಮೀರಿದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕಳುಹಿಸುತ್ತದೆ. ‘ಇವರಿಗೇನು ತಿಳಿಯುತ್ತದೆ’ ಎಂದು ಆ ತಾಯಂದಿರನ್ನು ಬಾಗಿಲಿನಿಂದಲೇ ಕಳುಹಿಸಬಾರದು. ಗುಟ್ಕಾ, ಖೈನಿಗಳ ವಿಚಾರವನ್ನು ಕೇಳುವ ಪತ್ರ ಅವರ ಕೈಯಲ್ಲಿದೆ. ವಿದೇಶದ ದೊಡ್ಡ ಸೂತ್ರಗಳು ಅದನ್ನು ಕೇಳುವುದೇ ಇಲ್ಲ.

ಪಟ್ಟಿ ಕೇಳದ ಪ್ರಶ್ನೆಗಳು

2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನವು 52 ದೇಶಗಳಲ್ಲಿ ನಡೆಯಿತು. ಮೊದಲ ಹೃದಯಾಘಾತದ ಅಪಾಯದ ಬಹುಪಾಲು ಒಂಬತ್ತು ಅಂಶಗಳಿಗೆ ಸಂಬಂಧಿಸಿದ್ದೆಂದು ಅದು ತೋರಿಸಿತು. ಕೊಬ್ಬಿನಾಂಶ, ಧೂಮಪಾನ, ರಕ್ತದೊತ್ತಡ, ಮಧುಮೇಹಗಳ ಜೊತೆಗೆ ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣುತರಕಾರಿಗಳ ಕೊರತೆ, ಶ್ರಮದ ಕೊರತೆ, ಮದ್ಯದ ಅಭ್ಯಾಸ ಇವೂ ಆ ಪಟ್ಟಿಯಲ್ಲಿದ್ದವು. ಅದೇ ಅಧ್ಯಯನದಿಂದ ಮತ್ತೊಂದು ಸಂಗತಿ ಹೊರಬಂತು: ದಕ್ಷಿಣ ಏಷ್ಯದವರಿಗೆ ಮೊದಲ ಆಘಾತ ಸರಾಸರಿ 53ನೆಯ ವಯಸ್ಸಿನಲ್ಲಿ, ಉಳಿದವರಿಗೆ ಸುಮಾರು 59ರಲ್ಲಿ.

ಇಲ್ಲಿಯೇ ಪಟ್ಟಿಗಳ ದೊಡ್ಡ ಕೊರತೆಯಿದೆ. ಎಲ್ಲ ಸೂತ್ರಗಳಲ್ಲಿಯೂ ವಯಸ್ಸಿನ ತೂಕ ಅತಿ ಹೆಚ್ಚು. ಆದುದರಿಂದ 35ರ ಯುವಕನಿಗೆ ಎಲ್ಲ ಚಟಗಳಿದ್ದರೂ ಹತ್ತು ವರ್ಷದ ಅಂಕಿ ಚಿಕ್ಕದಾಗಿಯೇ ಬರುತ್ತದೆ, ಇಲ್ಲವೇ ಅವನ ವಯಸ್ಸಿಗೆ ಪಟ್ಟಿಯೇ ಇರುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಅಗಲಿದಾಗ ನಾಡೇ ಬೆಚ್ಚಿಬಿದ್ದಿತು. ಹೃದಯ ತಪಾಸಣೆಗೆಂದು ಜನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಆ ಭೀತಿ ಸಹಜ. ಆದರೆ ಒಂದು ದಿನದ ತಪಾಸಣೆಯಿಂದ ಪ್ರಯೋಜನ ಕಡಿಮೆ. ಮೂವತ್ತರಿಂದಲೇ ವರ್ಷಕ್ಕೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳುವ ಅಭ್ಯಾಸದಿಂದ ಪ್ರಯೋಜನ ಹೆಚ್ಚು.

ಅಂಕಿ ದೊರೆತ ಮೇಲೆ ವೈದ್ಯರು ಇನ್ನೂ ಕೆಲವನ್ನು ಕೇಳಬೇಕು, ರೋಗಿಯೂ ಮರೆಮಾಚದೆ ಹೇಳಬೇಕು. ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದ್ರೋಗವಾಗಿತ್ತೇ? ಎಲೆಅಡಿಕೆಯೊಂದಿಗೆ ತಂಬಾಕು ಹಾಕುವ ಅಭ್ಯಾಸವಿದೆಯೇ? ಸ್ತ್ರೀಯರಾದರೆ, ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಏರಿ ನಂಜಾಗಿತ್ತೇ, ನಲವತ್ತರೊಳಗೇ ಮುಟ್ಟು ನಿಂತಿತೇ? ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದೆಯೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಹಸಿರು ಬಣ್ಣವನ್ನು ನೋಡಿ ನಿಶ್ಚಿಂತರಾಗಲಾಗದು.

ಅಂಕಿ ನಡುವೆ ನಿಂತು, ಔಷಧ ಬೇಕೋ ಬೇಡವೋ ಎಂಬ ಸಂದೇಹ ಉಳಿದಾಗ ಹೃದ್ರೋಗ ತಜ್ಞರು ಸಿಟಿ ಯಂತ್ರದಿಂದ ಹೃದಯದ ರಕ್ತನಾಳಗಳಲ್ಲಿ ಸೇರಿದ ಸುಣ್ಣದ ಅಂಶವನ್ನು ಅಳೆಯಿಸುವುದುಂಟು. ಸೊನ್ನೆ ಬಂದರೆ ಸದ್ಯದ ಅಪಾಯ ಕಡಿಮೆಯೆಂದು, ನೂರು ಮೀರಿದರೆ ಔಷಧದ ಅಗತ್ಯ ಹೆಚ್ಚೆಂದು ತಿಳಿಯುತ್ತಾರೆ. ಆದರೆ ಕಿರಿಯರಲ್ಲಿ ಕೊಬ್ಬಿನ ಪದರ ಇನ್ನೂ ಸುಣ್ಣಗಟ್ಟಿರುವುದಿಲ್ಲವಾದ್ದರಿಂದ ಸೊನ್ನೆಯನ್ನೇ ನಂಬಿ ಕೂರುವಂತಿಲ್ಲ. ಎಲ್ಲರಿಗೂ ಬೇಕಾದ ಪರೀಕ್ಷೆ ಇದಲ್ಲ.

ಆಯುರ್ವೇದದ ನೋಟ

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ರೋಗಿಯ ದಶವಿಧ ಪರೀಕ್ಷೆಯನ್ನು ಹೇಳಿದೆ: ಪ್ರಕೃತಿ, ವಿಕೃತಿ, ಸಾರ, ಸಂಹನನ, ಪ್ರಮಾಣ, ಸಾತ್ಮ್ಯ, ಸತ್ತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು. ಸೂತ್ರಸ್ಥಾನದಲ್ಲಿ ಅತಿಪೋಷಣೆಯಿಂದ ಬರುವ ರೋಗಗಳ ವಿಚಾರವೂ ಅತಿಸ್ಥೂಲನ ಆಯುಸ್ಸು ಕುಗ್ಗುವುದೆಂಬ ಎಚ್ಚರಿಕೆಯೂ ಇವೆ. ಹೃದ್ರೋಗದ ಕಾರಣಗಳಲ್ಲಿ ಚಿಂತೆಯನ್ನೂ ಭಯವನ್ನೂ ಚರಕರು ಸೇರಿಸಿದ್ದಾರೆ. ಮನಸ್ಸಿನ ಒತ್ತಡವನ್ನು ಹೆಚ್ಚಿನ ಸೂತ್ರಗಳು ಇಂದಿಗೂ ಎಣಿಕೆಗೆ ತಂದಿಲ್ಲವೆಂಬುದನ್ನು ನೆನೆದರೆ ಪ್ರಾಚೀನರ ದೃಷ್ಟಿಯ ವಿಸ್ತಾರ ಅರಿವಾಗುತ್ತದೆ.

ಆದರೂ ಸತ್ಯವನ್ನು ಹೇಳಬೇಕು. ‘ಹತ್ತು ವರ್ಷಗಳಲ್ಲಿ ನೂರಕ್ಕೆ ಎಷ್ಟು’ ಎಂಬ ಪ್ರಶ್ನೆಗೆ ದಶವಿಧ ಪರೀಕ್ಷೆ ಉತ್ತರ ಕೊಡುವುದಿಲ್ಲ. ಅದು ಆ ಪ್ರಶ್ನೆಗಾಗಿ ಹುಟ್ಟಿದ್ದಲ್ಲ. ಎದುರಿಗಿರುವ ಈ ಮನುಷ್ಯನಿಗೆ ಯಾವ ಆಹಾರ, ಎಷ್ಟು ವ್ಯಾಯಾಮ, ಯಾವ ದಿನಚರಿ ಒಗ್ಗುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ನಾಡಿ ಹಿಡಿದು ಕೊಲೆಸ್ಟರಾಲ್ ಎಷ್ಟೆಂದು ಹೇಳಲಾಗದು. ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಏರಿರುವ ರಕ್ತದೊತ್ತಡವನ್ನು ಅಳೆಯಲು ತೋಳಿಗೆ ಪಟ್ಟಿ ಕಟ್ಟಲೇಬೇಕು. ಪಂಕ್ತಿಯ ಲೆಕ್ಕವನ್ನು ಪಟ್ಟಿ ಹೇಳಲಿ, ವ್ಯಕ್ತಿಯ ದಾರಿಯನ್ನು ಪ್ರಕೃತಿ ಪರೀಕ್ಷೆ ಹೇಳಲಿ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟದ್ದೇ ಅಂದು ನಾವು ಮಾಡಿದ ತಪ್ಪು.

ಭಕ್ತರು ಗಮನಿಸಬೇಕಾದವು

1. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ತೂಕ, ಸೊಂಟದ ಸುತ್ತಳತೆ ನೋಡಿಸಿಕೊಂಡು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ.

2. ನಲವತ್ತು ದಾಟಿದವರು ವೈದ್ಯರೊಂದಿಗೆ ಕುಳಿತು ದಕ್ಷಿಣ ಏಷ್ಯದ ಪಟ್ಟಿಯಲ್ಲಿ ತಮ್ಮ ಬಣ್ಣ ಯಾವುದೆಂದು ತಿಳಿಯಬೇಕು. ಪ್ರತಿ ಸಲವೂ ಅದೇ ಅಳತೆಗೋಲನ್ನು ಬಳಸಬೇಕು. ಬೇರೆಬೇರೆ ಸೂತ್ರಗಳ ಅಂಕಿಗಳನ್ನು ಹೋಲಿಸಿ ಗೊಂದಲಕ್ಕೆ ಬೀಳಬಾರದು.

3. ಈಗಾಗಲೇ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಪಟ್ಟಿಗಳು ಅನ್ವಯಿಸುವುದಿಲ್ಲ. ಅವರು ಅಧಿಕ ಅಪಾಯದವರೇ. ಕಷಾಯ, ಲೇಹ್ಯಗಳನ್ನು ನಂಬಿ ತಜ್ಞರು ಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ.

4. ಎದೆ ಹಿಂಡಿದಂತಾಗುವುದು, ನೋವು ತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರುಕಟ್ಟುವುದು ಇವು ಕಂಡಾಗ ಯಾವ ಲೆಕ್ಕವೂ ಬೇಡ. ‘ಗ್ಯಾಸು’ ಎಂದು ಸೋಡಾ ಕುಡಿಯುತ್ತ ಕೂರುವುದೂ ಬೇಡ. 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆ ಸೇರಬೇಕು.

5. ದಿನಕ್ಕೆ ಉಪ್ಪು 5 ಗ್ರಾಂ ಮೀರದಿರಲಿ. ಹಪ್ಪಳ, ಉಪ್ಪಿನಕಾಯಿಯಲ್ಲಿರುವುದೂ ಆ ಲೆಕ್ಕಕ್ಕೇ ಸೇರುತ್ತದೆ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ಇರಲಿ. ತಂಬಾಕು ಯಾವ ರೂಪದಲ್ಲಿಯೂ ಬೇಡ.

ಕಳೆದ ವರ್ಷ ಆ ರೈತರ ಮಗ ನಮ್ಮಲ್ಲಿಗೆ ಬಂದಿದ್ದರು. ಈಗ ಅವರಿಗೆ ನಲವತ್ತೊಂದು. ಬೀಡಿ ಮುಟ್ಟುವುದಿಲ್ಲ, ಆದರೆ ಎಲೆಅಡಿಕೆಯೊಂದಿಗೆ ತಂಬಾಕು ಬೇಕು. ಮೇಲಿನ ರಕ್ತದೊತ್ತಡ 138. ಪಟ್ಟಿಯಲ್ಲಿ ಅವರ ಚೌಕ ಹಸಿರು. ‘ಹಾಗಾದರೆ ನಾನು ಪಾರಾದೆನೇ?’ ಎಂದು ಕೇಳಿದರು. ಪಟ್ಟಿಯನ್ನು ಪಕ್ಕಕ್ಕಿಟ್ಟು, ‘ನಿಮ್ಮ ತಂದೆ ಯಾವ ವಯಸ್ಸಿನಲ್ಲಿ ತೀರಿಕೊಂಡರು?’ ಎಂದು ಕೇಳಿದೆವು. ಉತ್ತರ ನಮಗೆ ಗೊತ್ತಿತ್ತು. ಆದರೂ ಅದನ್ನು ಕೇಳಿ ಬರೆದುಕೊಳ್ಳುವುದು ಆ ದಿನ ನಮ್ಮ ಕರ್ತವ್ಯವಾಗಿತ್ತು. ರಕ್ತದ ಕೊಬ್ಬಿನಾಂಶವನ್ನು ಪರೀಕ್ಷೆ ಮಾಡಿಸಿದೆವು, ಹೃದ್ರೋಗ ತಜ್ಞರಿಗೆ ಪತ್ರ ಬರೆದು ಕಳುಹಿಸಿದೆವು. ಊಟದಲ್ಲಿ ಉಪ್ಪು ಈಗ ಕಡಿಮೆಯಾಗಿದೆ, ಮುಂಜಾನೆಯ ನಡಿಗೆ ನಡೆದಿದೆ. ತಂಬಾಕನ್ನು ಎರಡು ಸಲ ಬಿಟ್ಟು ಮತ್ತೆ ಹಿಡಿದಿದ್ದಾರೆ. ಮೂರನೆಯ ಸಲ ಪ್ರಯತ್ನದಲ್ಲಿದ್ದಾರೆ. ಮೂರು ತಿಂಗಳಿಗೊಮ್ಮೆ ಅವರ ತಾಯಿಯೇ ಮಗನನ್ನು ಕರೆತಂದು ಎದುರಿಗೆ ಕೂರಿಸುತ್ತಾರೆ. ನಾವು ಮೊದಲು ತೋಳಿಗೆ ಪಟ್ಟಿ ಕಟ್ಟುತ್ತೇವೆ, ಆಮೇಲೆ ನಾಡಿ ಹಿಡಿಯುತ್ತೇವೆ.